ಬಣ್ಣ ಬೇಡ, ಪಾಚಿ ಉಜ್ಜಿಸಿ

ಟೆಕ್ಸಾಸ್‌ನ ಡಾಲಸ್ ಪಕ್ಕದಲ್ಲಿ ನಮ್ಮ ಮೊದಲ ಮನೆ ಮಾರುವಾಗ, ಏಜೆಂಟಮ್ಮ ಒಳಗೆ ಕಾಲಿಡುವ ಮೊದಲು ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಕೈಕಟ್ಟಿಕೊಂಡು ಎರಡು ನಿಮಿಷ ಸುಮ್ನೆ ನೋಡಿದರು. ಆಮೇಲೆ ಪಟ್ಟಿ ಬರೆಸಿದರು. ಮುಂಬಾಗಿಲಿಗೆ ಕಡುನೀಲಿ ಬಣ್ಣ. ಹೊಸ ಟಪಾಲು ಡಬ್ಬಿ. ಗಿಡಗಳ ಬುಡಕ್ಕೆಲ್ಲ ಹೊಸ ಮರದ ಚಕ್ಕೆ. ಹುಲ್ಲಿನ ಅಂಚು ದಾರ ಹಿಡಿದ ಹಾಗೆ ನೇರ. ಇದಕ್ಕೆ ಅಲ್ಲಿ ‘ಕರ್ಬ್ ಅಪೀಲ್’ ಅಂತ ಹೆಸರು. ರಸ್ತೆಯಲ್ಲಿ ನಿಂತವರಿಗೇ ಮನೆ ಹಿಡಿಸಿಬಿಡಬೇಕು. ಎರಡು ಶನಿವಾರ ಬಗ್ಗಿ ಕೆಲಸ ಮಾಡಿ ನನ್ನ ಸೊಂಟ ಹೋಯಿತು. ಮನೆಯೂ ಬೇಗ ಹೋಯಿತು.

ಹಾಗಾಗಿ, ಚಿಕ್ಕಮಗಳೂರಿನ ಅಪ್ಪನ ಮನೆ ಮಾರಲು ಆಗಸ್ಟ್‌ನಲ್ಲಿ ಬಂದಾಗಲೂ ನನ್ನ ತಲೆಯಲ್ಲಿ ಅದೇ ಪಟ್ಟಿ. ಹೆಂಚಿನ ಮನೆ, ಕಲ್ಲು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ, ಮುಂದೆ ಜಗಲಿ. ಎರಡು ವರ್ಷದಿಂದ ಬೀಗ. ಕಾಂಪೌಂಡ್ ಮೇಲೆ ಹಸಿರು ಕಂಬಳಿ ಹೊದಿಸಿದ ಹಾಗೆ ಪಾಚಿ. ಜಗಲಿ ಪಕ್ಕದ ಗೋಡೆ ಮೊಣಕಾಲೆತ್ತರದವರೆಗೆ ತೇವ. ಬ್ರೋಕರ್ ನೋಡಿ, “ಪುಟ್ಟಿ ಹಾಕಿ ಎರಡು ಕೋಟ್ ಎಮಲ್ಷನ್ ಹೊಡ್ಸಿಬಿಡಿ ಸಾರ್, ಫಳಫಳ ಅನ್ನುತ್ತೆ” ಅಂದ. ಪೇಂಟರ್ 85 ಸಾವಿರ ಹೇಳಿದ. ನಾನು ಹೂಂ ಅನ್ನುವುದರಲ್ಲಿದ್ದೆ.

ಚಿಕ್ಕಪ್ಪ ತಡೆದರು. “ಲೋ, ಮಳೆಗಾಲದಲ್ಲಿ ಬಣ್ಣ ಹೊಡ್ಸಿ ಮನೆ ಮಾರಕ್ಕೆ ನಿಂತ್ರೆ ಏನೋ ಮುಚ್ಚಿಡ್ತಾ ಇದಾನೆ ಅಂತಾರೆ ಕಣೋ.”

ಮಾತು ಸರಿ ಅಲ್ವಾ? ಕಳಸ, ಶೃಂಗೇರಿ ಕಡೆಯಷ್ಟು ಮಳೆ ನಮ್ಮ ಊರಿಗೆ ಬರುವುದಿಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್ ಗೋಡೆಗಳಿಗೆ ಪರೀಕ್ಷೆಯ ಕಾಲವೇ. ಸುಣ್ಣ ಬಳಿದ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಎಮಲ್ಷನ್‌ನಂಥ ಪ್ಲಾಸ್ಟಿಕ್ ಪೇಂಟ್ ಬಿಡುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಹಪ್ಪಳದ ಹಾಗೆ ಕಿತ್ತು ಬರುತ್ತದೆ. ಅಷ್ಟೊತ್ತಿಗೆ ಮಾರಿದವನು ವಿಮಾನ ಹತ್ತಿರುತ್ತಾನೆ. ಇದು ಊರಿನವರಿಗೆಲ್ಲ ಗೊತ್ತು.

ಅಮೆರಿಕದಲ್ಲಿ ಮನೆ ಸಿಂಗರಿಸಿದರೂ ನಡೆಯುತ್ತದೆ. ಯಾಕೆಂದರೆ ಅಲ್ಲಿ ನಿಜ ಹೇಳುವ ಕೆಲಸ ಗೋಡೆಯದ್ದಲ್ಲ, ಕಾಗದದ್ದು. ಟೆಕ್ಸಾಸ್‌ನಲ್ಲಿ ಮಾರುವವರು ಮನೆಯ ಗೊತ್ತಿರುವ ದೋಷಗಳನ್ನೆಲ್ಲ ಒಂದು ಫಾರಂನಲ್ಲಿ ಬರೆದು ಕೊಡಬೇಕು. ಚಾವಣಿ ಸೋರಿದ್ದು, ಪಾಯ ಬಿರುಕು ಬಿಟ್ಟದ್ದು, ಎಲ್ಲ. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿನ ಸೀಸದ ಬಗ್ಗೆ ಇನ್ನೊಂದು ಕಾಗದ. ಅದರ ಮೇಲೆ ಕೊಳ್ಳುವವರು ದುಡ್ಡು ಕೊಟ್ಟು ಮನೆ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಕರೆತರುತ್ತಾರೆ. ಡಾಲಸ್ ಸುತ್ತ ಜಿಗುಟು ಮಣ್ಣು. ನೆಂದರೆ ಊದುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಪಾಯದ ಸುತ್ತ ತೂತಿನ ಪೈಪು ಹಾಸಿ ನೀರು ಕುಡಿಸುತ್ತಾರೆ! ಚಿಕ್ಕಪ್ಪನಿಗೆ ಹೇಳಿದೆ. ನಂಬಲಿಲ್ಲ. ಪಾಯಕ್ಕೆ ನೀರು ಹೋಗದ ಹಾಗೆ ಜೀವಮಾನವಿಡೀ ಕಾದವರು ಅವರು.

ನಮ್ಮಲ್ಲೂ ಕಾನೂನು ಇಲ್ಲವೆಂದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ಮಾಮೂಲಿ ಎಚ್ಚರಿಕೆಯಿಂದ ನೋಡಿದರೂ ಗೊತ್ತಾಗದಂಥ ದೊಡ್ಡ ದೋಷ ತಮಗೆ ಗೊತ್ತಿದ್ದರೆ ಮಾರುವವರು ಹೇಳಲೇಬೇಕು. ಕಣ್ಣಿಗೆ ಕಾಣುವಂಥದ್ದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು. ಹಾಗಾಗಿ ಇಲ್ಲಿ ಗೋಡೆಯೇ ಫಾರಂ. ಅದರ ಮೇಲೆ ಬಣ್ಣ ಬಳಿದರೆ ಯಾರಿಗೆ ತಾನೇ ಅನುಮಾನ ಬರಲ್ಲ?

ಹಾಗಂತ ನಮ್ಮವರ ಅಸಡ್ಡೆಯನ್ನು ಒಪ್ಪುವುದಿಲ್ಲ. “ತಗೊಳ್ಳೋರು ಹೇಗೂ ಒಡೆದು ಕಟ್ತಾರೆ” ಅಂತ ಅಂಗಳದಲ್ಲಿ ಹಳೇ ಟೈರು, ಒಡೆದ ಕಮೋಡು ಬಿಟ್ಟಿರುತ್ತಾರೆ. ಕಾಂಪೌಂಡ್ ಮೇಲೆ ‘ಮನೆ ಮಾರಾಟಕ್ಕಿದೆ’ ಅಂತ ಕೆಂಪು ಅಕ್ಷರ, ಕೆಳಗೆ ಇಳಿಜಾರಾಗಿ ಓಡುವ ಫೋನ್ ನಂಬರ್. ಗೇಟು ಎತ್ತಿ ತಳ್ಳಿದರಷ್ಟೇ ತೆರೆಯುವುದು. ಬಂದವರಿಗೆ ಒಳಗೆ ಹೋಗುವ ಮನಸ್ಸಾದರೂ ಹೇಗೆ ಬರಬೇಕು?

ನಾವು ತೊಳೆಸಿದೆವು. ಮೊದಲು ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಕಾರು ತೊಳೆಯುವ ಪ್ರೆಷರ್ ಮಷೀನ್ ತರಿಸಿ ಜಗಲಿ ಗೋಡೆಗೆ ಹಿಡಿದೆ. ಒಂದೇ ಏಟಿಗೆ ಅಂಗೈಯಗಲ ಗಾರೆ ಕಿತ್ತು ಬಂತು. ಒಳಗಿನ ಕೆಮ್ಮಣ್ಣು ರಾಡಿಯಾಗಿ ಇಳಿದು ನನ್ನ ಚಪ್ಪಲಿ ತುಂಬಿತು. ಚಿಕ್ಕಪ್ಪ ಮಾತಾಡದೆ ಮಷೀನ್ ಪ್ಲಗ್ ಕಿತ್ತರು. ಆಮೇಲೆ ಬ್ಲೀಚಿಂಗ್ ಪೌಡರ್ ನೀರು, ಬ್ರಷ್ಷು, ಇಬ್ಬರು ಆಳು, ಎರಡು ದಿನ. ಕಾಂಪೌಂಡ್ ಪಾಚಿ ಹೋಯಿತು. ಗೇಟಿನ ತಿರುಗಣಿ ಬದಲಾಯಿತು. ಮಳೆನೀರು ಸಾಗಿಸುವ ಸೂರಿನ ತಗಡಿನ ದೋಣಿ ಒಡೆದು ನೀರೆಲ್ಲ ಗೋಡೆ ಬುಡಕ್ಕೇ ಬೀಳುತ್ತಿತ್ತು. ತೇವಕ್ಕೆ ಮೂಲ ಅದೇ. ಹೊಸದು ಹಾಕಿಸಿದೆವು. ತೇವದ ಕಲೆಯನ್ನು ಮಾತ್ರ ಹಾಗೇ ಬಿಟ್ಟೆವು. ನನಗೆ ತಡೆಯದೆ ನಾಲ್ಕು ಕ್ರೋಟನ್ ಕುಂಡ ತಂದು ಆ ಗೋಡೆಗೇ ಒರಗಿಸಿಟ್ಟೆ. ಅಮೆರಿಕದ ಚಟ.

ಮೂಡಿಗೆರೆ ಕಡೆಯ ಒಂದು ಕುಟುಂಬ ನೋಡಲು ಬಂತು, ಬೇಕಂತಲೇ ಜೋರು ಮಳೆ ದಿನ. ಜೊತೆಗೆ ಬಂದ ಅಜ್ಜಿ ಕೊಡೆ ಮಡಚಿದವರೇ ಕಾಲಿನಿಂದ ಒಂದು ಕುಂಡವನ್ನು ಪಕ್ಕಕ್ಕೆ ಸರಿಸಿದರು. ಗೋಡೆಗೆ ಅಂಗೈ ಒತ್ತಿದರು. ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು.

“ಎಷ್ಟು ವರ್ಷದ ತೇವ ಇದು?”

“ದೋಣಿ ಒಡೆದಿತ್ತು ಅಮ್ಮ, ಈಗ ಹಾಕ್ಸಿದೀವಿ, ನೋಡಿ” ಅಂದರು ಚಿಕ್ಕಪ್ಪ. ಅಜ್ಜಿ ತಲೆಯೆತ್ತಿ ದೋಣಿಯಲ್ಲಿ ನೀರು ಓಡುವುದನ್ನು ನೋಡುತ್ತಲೇ ನಿಂತರು. ಆಮೇಲೆ ಬಾಗಿಲ ದಿಕ್ಕು, ಬಾವಿ, ಇ-ಖಾತೆ, ಆಸ್ತಿಯ ಋಣಭಾರ ತೋರಿಸುವ ಇಸಿ ಎಲ್ಲ ಬಂತು. ಅದು ಗಂಡಸರ ಮಾತು. ತೀರ್ಮಾನ ಆಗಲೇ ಆಗಿತ್ತು ಅನಿಸುತ್ತದೆ.

ತೇವದ ಲೆಕ್ಕ ಅಂತ 50 ಸಾವಿರ ಇಳಿಸಿ ಅಡ್ವಾನ್ಸ್ ಕೊಟ್ಟರು. ಪೇಂಟರ್ ಕೇಳಿದ್ದು 85. ಕ್ರೋಟನ್ ಕುಂಡಗಳನ್ನು ಅವರು ಬೇಡ ಅಂದರು. ಚಿಕ್ಕಪ್ಪ ಆಟೋದಲ್ಲಿ ಹಾಕಿಕೊಂಡು ಹೋದರು.