ಶ್ಮಶಾನದಲ್ಲೂ ರಶೀದಿ ಕೇಳಬಹುದು

ದೊಡ್ಡಪ್ಪ ತೀರಿಕೊಂಡು ತಿಂಗಳು ದಾಟಿತು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ರಾತ್ರಿ ಭಾವನೂ ನಾನೂ ಖರ್ಚಿನ ಲೆಕ್ಕ ಬರೆಯಲು ಕೂತೆವು. ಅಡುಗೆಯವರದ್ದು, ಶಾಮಿಯಾನದ್ದು, ಬಾಳೆಎಲೆಯದ್ದು, ಎಲ್ಲದಕ್ಕೂ ಚೀಟಿ ಇತ್ತು. ಎರಡು ಕುರ್ಚಿ ಮುರಿದದ್ದಕ್ಕೂ ಶಾಮಿಯಾನದವರು ಚೀಟಿ ಬರೆದಿದ್ದರು. ಚೀಟಿ ಇಲ್ಲದ್ದು ಮೂರಕ್ಕೆ ಮಾತ್ರ. ಆಂಬುಲೆನ್ಸು, ಹೆಣ ಇಡುವ ಫ್ರೀಜರು, ಶ್ಮಶಾನ. ಮೂರೂ ಸೇರಿ 18 ಸಾವಿರ ಚಿಲ್ಲರೆ. ಆ ಚಿಲ್ಲರೆ ಎಷ್ಟು ಅಂತ ಇಬ್ಬರಿಗೂ ನೆನಪಿಲ್ಲ.

ನಮ್ಮ ಕಾಸರಗೋಡಿನವರ ಕಥೆ ಗೊತ್ತಲ್ಲ. ಜ್ವರ ಸ್ವಲ್ಪ ಜಾಸ್ತಿಯಾದರೂ ಮಂಗಳೂರಿಗೆ ಓಡುವುದು. ದೊಡ್ಡಪ್ಪನ ಜೀವ ಹೋದದ್ದೂ ಅಲ್ಲಿಯೇ, ರಾತ್ರಿ ಎರಡು ಗಂಟೆಗೆ. ಗೇಟಿನ ಹೊರಗೆ ಕೆಎ 19 ನಂಬರಿನ ಆಂಬುಲೆನ್ಸು ನಿಂತಿತ್ತು. ಡ್ರೈವರಿಗೆ ಕುಂಬಳೆ ಅಂದೆ. ನಲವತ್ತು ಕಿಲೋಮೀಟರ್ ಆಸುಪಾಸು. "ಬಾರ್ಡರ್ ದಾಟ್ಬೇಕಲ್ಲ ಸರ್, ಏಳೂವರೆ ಸಾವಿರ ಆಗ್ತದೆ" ಅಂದ. ಬಿಲ್ ಕೊಡ್ತೀರಾ ಅಂತ ಕೇಳಿದೆ. "ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರಿಸ್ಬೇಕಾಗ್ತದೆ" ಅಂದ.

ನಾನು ಸುಮ್ಮನಾದೆ. ಹಿಂದೆ ಬೆಂಚಿನ ಮೇಲೆ ದೊಡ್ಡಮ್ಮ ಕೂತಿದ್ದರು. ಆಸ್ಪತ್ರೆಯವರು ವಾಪಸ್ ಕೊಟ್ಟ ಪ್ಲಾಸ್ಟಿಕ್ ತೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ದೊಡ್ಡಪ್ಪನ ಕನ್ನಡಕ, ವಾಚು, ಹಲ್ಲಿನ ಸೆಟ್ಟು. ಅವರ ಎದುರು ಏಳೂವರೆಯನ್ನು ಆರು ಮಾಡಿ ಅಂತ ಚೌಕಾಸಿಗೆ ನಿಲ್ಲಲು ನನಗೆ ಬಾಯಿ ಬರಲಿಲ್ಲ. ಆ ಡ್ರೈವರಿಗೆ ಅದು ಗೊತ್ತಿತ್ತು.

ಆಮೇಲೆ ತಿಳಿದದ್ದು ಹೇಳುತ್ತೇನೆ. ಹೆಣ ಸಾಗಿಸುವುದಕ್ಕೆ, ಶವಾಗಾರಕ್ಕೆ, ಹೂಳುವುದಕ್ಕೆ, ಸುಡುವುದಕ್ಕೆ ಜಿಎಸ್‌ಟಿಯೇ ಇಲ್ಲ. 2017ರ ಕಾನೂನಿನ ಮೂರನೇ ಪರಿಶಿಷ್ಟದಲ್ಲಿ ಅವನ್ನು ತೆರಿಗೆಯಿಂದ ಪೂರ್ತಿ ಹೊರಗಿಟ್ಟಿದ್ದಾರೆ. 2022ರಲ್ಲಿ "ಹೆಣ ಸುಡುವುದಕ್ಕೂ 18 ಪರ್ಸೆಂಟ್" ಅಂತ ವಾಟ್ಸಾಪಿನಲ್ಲಿ ಓಡಿತ್ತಲ್ಲ, ಅದು ಶ್ಮಶಾನ ಕಟ್ಟುವ ಗುತ್ತಿಗೆಯ ತೆರಿಗೆ. ಸುಡುವ ತೆರಿಗೆ ಅಲ್ಲ. ಅಂದರೆ ಆ ರಾತ್ರಿ ನನ್ನ ಬಾಯಿ ಮುಚ್ಚಿಸಿದ್ದು ಇಲ್ಲದ ತೆರಿಗೆ.

ಕೇರಳ ಸರ್ಕಾರ 2024ರಲ್ಲಿ ಆಂಬುಲೆನ್ಸಿಗೆ ದರ ನಿಗದಿ ಮಾಡಿತು. ಸಣ್ಣ ಗಾಡಿಗೆ ಕನಿಷ್ಠ 600 ರೂಪಾಯಿ, ಐಸಿಯು ಇರುವ ಗಾಡಿಗೆ 2,500, ಆಮೇಲೆ ಕಿಲೋಮೀಟರ್ ಲೆಕ್ಕ. ಒಳ್ಳೆಯದೇ. ಆದರೆ ನಮ್ಮ ಗಾಡಿ ಕರ್ನಾಟಕದ್ದು, ಹತ್ತಿದ್ದು ಕರ್ನಾಟಕದಲ್ಲಿ, ಇಳಿದದ್ದು ಕೇರಳದಲ್ಲಿ. ಈ ದರಪಟ್ಟಿ ಗಡಿಯ ತಲಪಾಡಿಯಲ್ಲೇ ಇಳಿದುಕೊಳ್ಳುತ್ತದೆ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಪೇಷಂಟುಗಳು ಈಚೆ ಉಳಿದರು. ಈಗ ರಸ್ತೆ ತೆರೆದಿದೆ, "ಬಾರ್ಡರ್ ದಾಟ್ಬೇಕಲ್ಲ" ಅನ್ನುವ ಮಾತು ಉಳಿದಿದೆ.

ಮನೆಯಲ್ಲೇ ಸುಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಅಜ್ಜ ಹೋದಾಗ ಹಾಗೇ ಮಾಡಿದ್ದು. ಗುಡ್ಡೆಯ ಬದಿಯ ಕಾಟು ಮಾವಿನ ಮರ ಕಡಿದರು. ನೆರೆಕರೆಯವರು ಬಂದು ಕಾಟ, ಅಂದರೆ ಚಿತೆ, ಕೂಡಿದರು. ತೆಂಗಿನ ಗೆರಟೆ ಮೂರು ಮನೆಯಿಂದ ಬಂತು. ಯಾರಿಗೂ ದುಡ್ಡು ಕೊಟ್ಟದ್ದು ನನಗೆ ನೆನಪಿಲ್ಲ. ದೊಡ್ಡಪ್ಪನದ್ದು ಪೇಟೆ ಹತ್ತಿರ ಹತ್ತು ಸೆಂಟ್ಸ್ ಜಾಗ. ಆಚೆ ಮನೆಯವರ ಅಡುಗೆಕೋಣೆಯ ಕಿಟಕಿ ನಮ್ಮ ಕಂಪೌಂಡಿಗೇ ತೆರೆಯುತ್ತದೆ. ಅಲ್ಲಿ ಎಲ್ಲಿಂದ ಸುಡುವುದು?

ಹಾಗಾಗಿ ಗ್ಯಾಸಿನ ಶ್ಮಶಾನಕ್ಕೆ ಹೋದೆವು. ಬೋರ್ಡು ಮಲಯಾಳದಲ್ಲಿ, 'ವಾತಕ ಶ್ಮಶಾನಂ'. ಗ್ಯಾಸಿಗೆ ಅವರು ವಾತಕ ಅನ್ನುತ್ತಾರೆ. ಭಾವ ಪುತ್ತೂರಿನವರು, ಮಲಯಾಳ ಓದಲು ಬರುವುದಿಲ್ಲ. ನಾನು ಓದಿ ಹೇಳಿದರೆ, "ಎಂತದು, ವಾತ ಹೆಚ್ಚಾದವರಿಗಾ?" ಅಂದರು. ಆ ಹೊತ್ತಿನಲ್ಲೂ ನಗು ಬಂತು. ದೊಡ್ಡಪ್ಪನಿಗೆ ವಾತ ಇದ್ದದ್ದೂ ನಿಜ.

ಒಳಗೆ ಒಂದು ಫಾರ್ಮು ಕೊಟ್ಟರು. ಅದೂ ಮಲಯಾಳದಲ್ಲೇ. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಭಾವ ಸೈನ್ ಹಾಕಿದರು. ಎಷ್ಟು ಅಂತ ಕೇಳಿದೆ. "ಮೂರೂವರೆ. ಮತ್ತೆ ನಿಮ್ಮ ಮನಸ್ಸು." ಗೋಡೆಯಲ್ಲಿ ದರದ ಬೋರ್ಡು ಹುಡುಕಿದೆ. ದೇವರ ಕ್ಯಾಲೆಂಡರ್ ಇತ್ತು, ಧೂಮಪಾನ ನಿಷೇಧ ಇತ್ತು, ದರ ಇರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಕೋಪ ಇಲ್ಲ. ಉರಿಯ ಎದುರು ನಿಂತು, ನಾವು ಮುಟ್ಟಲು ಅಂಜುವುದನ್ನು ಮುಟ್ಟಿ ಕೆಲಸ ಮಾಡಿದ. ಐನೂರು ಜಾಸ್ತಿಯೇ ಕೊಟ್ಟೆ. ಆದರೆ ಆ ಮೂರೂವರೆಯಲ್ಲಿ ಆಫೀಸಿನ ಲೆಕ್ಕಕ್ಕೆ ಹೋದದ್ದು ಎಷ್ಟು, ಅವನಿಗೆ ಸಿಕ್ಕಿದ್ದು ಎಷ್ಟು? ಕೇಳಲು ಕಾಗದ ಇಲ್ಲ.

ಕೇರಳದಲ್ಲಿ ಶ್ಮಶಾನಕ್ಕೆ ನಿಯಮ ಇಲ್ಲ ಅಂತಲ್ಲ. 1998ರ ಪಂಚಾಯತ್ ನಿಯಮಗಳಿವೆ. ಜಿಲ್ಲಾಧಿಕಾರಿಯ ಅನುಮತಿ ಬೇಕು, ವಾಸದ ಮನೆಯಿಂದ 50 ಮೀಟರ್ ದೂರ ಬೇಕು. ನೆರೆಮನೆಯವರನ್ನು ಕಾಯುವುದಕ್ಕೆ ಇವು ಬೇಕಾದದ್ದೇ. ಹೆಣ ಹೊತ್ತು ಗೇಟಿನ ಒಳಗೆ ಬಂದವರ ಜೇಬಿನ ಚಿಂತೆ ಯಾರದ್ದು? ಸರ್ಕಾರ ಮನಸ್ಸು ಮಾಡಿದರೆ ಈ ವಿಷಯಕ್ಕೂ ಕೈಹಾಕುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ. ಮಲಂಕರ ಆರ್ಥೊಡಾಕ್ಸ್ ಮತ್ತು ಯಾಕೋಬೈಟ್ ಅನ್ನುವ ಎರಡು ಕ್ರೈಸ್ತ ಪಂಗಡಗಳ ಜಗಳದಲ್ಲಿ ಹೆಣಗಳೇ ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ, 2020ರಲ್ಲಿ ಅದಕ್ಕೇ ಅಂತ ಕಾನೂನು ತಂದರು. ಯಾವ ಪಂಗಡವೇ ಇರಲಿ, ಕುಟುಂಬದವರು ತಮ್ಮ ಇಗರ್ಜಿಯ ಸಿಮೆಟ್ರಿಯಲ್ಲಿ ಹೂಳಬಹುದು ಅಂತ. ಅಷ್ಟು ದೊಡ್ಡ ಜಗಳಕ್ಕೇ ಕೈಹಾಕಿದವರಿಗೆ ಒಂದು ದರದ ಬೋರ್ಡು ಕಷ್ಟವಾ?

ದೊಡ್ಡಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಬರಲಾಗಲಿಲ್ಲ, ಎಲ್ಲವನ್ನೂ ಫೋನಿನಲ್ಲೇ ನೋಡಿದ. ಅವನೇ ಹೇಳಿದ್ದು. ಅಲ್ಲಿ ಅಂತ್ಯಕ್ರಿಯೆಯ ಕಂಪನಿಗೆ ಹೋಗಿ ವಿಚಾರಿಸಿದರೆ ಬೆಲೆಪಟ್ಟಿ ಕೈಗೆ ಕೊಡಲೇಬೇಕು, ಒಂದೊಂದಕ್ಕೂ ಬೇರೆಬೇರೆ ರೇಟು. ಪೆಟ್ಟಿಗೆ ಬೇರೆ ಕಡೆಯಿಂದ ತಂದರೂ ಬೇಡ ಅನ್ನುವಂತಿಲ್ಲ. 1984ರಿಂದ ಅಲ್ಲಿ ಕೇಂದ್ರದ ನಿಯಮವೇ ಹಾಗೆ. ಬರೀ ಹೂಳುವ ಜಾಗ ಮಾರುವ ಸಿಮೆಟ್ರಿಗಳು ಮಾತ್ರ ಅದರ ಹೊರಗೆ, ಅವಕ್ಕೆ ಆಯಾ ರಾಜ್ಯದ ಕಾನೂನು. ಅಲ್ಲಿಯೂ ತೂತು ಇದೆ ಅಂತಾಯಿತು. ನಮ್ಮದರಷ್ಟು ದೊಡ್ಡದಲ್ಲ.

ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆಯಲ್ಲ. ದುಡ್ಡು ತೆಗೆದುಕೊಂಡು ಕೊಟ್ಟ ಸೇವೆಗೆ ಬಿಲ್ ಕೊಡದಿರುವುದನ್ನು ಅದು ತಪ್ಪು ಅನ್ನುತ್ತದೆ. ಗಡಿಯವರಿಗೆ ಅದರಲ್ಲಿ ಇನ್ನೊಂದು ಅನುಕೂಲ ಇದೆ. ಗಾಡಿ ಹತ್ತಿದ್ದು ಮಂಗಳೂರಲ್ಲಾದರೂ ದೂರನ್ನು ನಾವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಪಂಚಾಯತ್ ತೆಗೆದುಕೊಳ್ಳುವ ಶುಲ್ಕವೂ ಇದರಲ್ಲಿ ಬರುತ್ತದಾ ಅನ್ನುವುದು ವಕೀಲರು ವಾದ ಮಾಡುವ ಜಾಗ. ಆಂಬುಲೆನ್ಸು, ಫ್ರೀಜರು ಖಂಡಿತ ಬರುತ್ತವೆ. ಆದರೆ ಚೀಟಿಯೇ ಇಲ್ಲದೆ ಎಂತ ಹಿಡಿದುಕೊಂಡು ಹೋಗುವುದು? ಮುಂದಿನ ಸಲ ಯಾರಾದರೂ ಗೂಗಲ್ ಪೇಯಲ್ಲಾದರೂ ಕೊಡಿ. ಅಷ್ಟಾದರೂ ಗುರುತು ಉಳಿಯುತ್ತದೆ.

"ಸತ್ತವರ ಹೆಸರಿನಲ್ಲಿ ಲೆಕ್ಕ ಕೇಳುವುದು ಒಳ್ಳೆಯದಲ್ಲ ಮಗ" ಅಂದರು ದೊಡ್ಡಮ್ಮ. ದೊಡ್ಡಪ್ಪ ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಎಂಟಾಣೆ ತಾಳೆಯಾಗದಿದ್ದರೆ ಊಟಕ್ಕೆ ಏಳುತ್ತಿರಲಿಲ್ಲ. ಅದನ್ನು ನೆನಪಿಸಿದ ಮೇಲೆ ದೊಡ್ಡಮ್ಮ ಮಾತಾಡಲಿಲ್ಲ.

ಕಳೆದ ಸೋಮವಾರ ಶ್ಮಶಾನ ನಡೆಸುವ ಆಫೀಸಿಗೆ ಅರ್ಜಿ ಕೊಟ್ಟು ಬಂದೆ. ಮೂರೇ ಸಾಲು. ದರವನ್ನು ಗೋಡೆಯಲ್ಲಿ ಬರೆಸಿ, ಕನ್ನಡದಲ್ಲೂ ಬರೆಸಿ, ರಶೀದಿ ಕೊಡಿ. ಕನ್ನಡದಲ್ಲೇ ಬರೆದೆ. ಕಾಸರಗೋಡು ತಾಲೂಕಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ ಭಾಷಾ ಕಾಯ್ದೆಯಲ್ಲೇ ಇದೆ. ಕೌಂಟರಿನ ಹುಡುಗಿ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಸೀಲು ಹಾಕಿ ಒಂದು ರಶೀದಿ ಕೊಟ್ಟಳು. ಮಲಯಾಳದಲ್ಲಿತ್ತು. ದೊಡ್ಡಪ್ಪನ ಲೆಕ್ಕದ ಪುಸ್ತಕದ ಒಳಗೆ ಇಟ್ಟಿದ್ದೇನೆ.