ಒಂದು ಮನೆ, ಎರಡು ಕಿಟಕಿ

ಹೋದ ಸಲ ಮಂಡ್ಯ ಹತ್ತಿರದ ನಮ್ಮೂರಿಗೆ ಹೋಗಿದ್ದು ತಮ್ಮನ ಗೃಹಪ್ರವೇಶಕ್ಕೆ. ದೊಡ್ಡಪ್ಪನೂ ಬಂದಿದ್ದರು. ಪೂಜೆ ಮುಗಿಯುವವರೆಗೂ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಮುಯ್ಯಿ ಕವರನ್ನು ತಮ್ಮನ ಕೈಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಟರು. ನಾನು ಹಿಂದೆ ಓಡಿ, "ಒಂದ್ ತುತ್ತು ಊಟ ಮಾಡ್ಕೊಂಡು ಹೋಗಿ ದೊಡ್ಡಪ್ಪ" ಅಂದೆ. "ಬುಡಪ್ಪ, ನೀನು ಲಂಡನ್ನಲ್ಲಿರೋನು, ನಿಂಗೆ ಇವೆಲ್ಲ ಗೊತ್ತಾಗಕಿಲ್ಲ" ಅಂದು ಸ್ಕೂಟರ್ ಸ್ಟಾರ್ಟ್ ಮಾಡಿದರು.

ನಾನಿರುವುದು ಲಂಡನ್ ಅಲ್ಲ, ಸ್ವಿಂಡನ್, ಇಂಗ್ಲೆಂಡಿನದೇ ಇನ್ನೊಂದು ಊರು. ಅದು ಬಿಡಿ. ಗೊತ್ತಾಗದೆ ಏನು, ಚೆನ್ನಾಗೇ ಗೊತ್ತು. 2018ರ ಡೇರಿ ಎಲೆಕ್ಷನ್. ಅಧ್ಯಕ್ಷರಾಗಲು ದೊಡ್ಡಪ್ಪ ನಿಂತಿದ್ದರು, ಡೈರೆಕ್ಟರ್ ಆಗಿದ್ದ ಅಪ್ಪ ಓಟು ಹಾಕಿದ್ದು ಇನ್ನೊಬ್ಬರಿಗೆ. ಒಂದೇ ಒಂದು ಓಟಿನಿಂದ ದೊಡ್ಡಪ್ಪ ಸೋತರು. ಅವತ್ತಿನಿಂದ ಮಾತಿಲ್ಲ. ಎರಡೂ ಮನೆಗೆ ನಡುವೆ ಇರುವುದು ಒಂದೇ ಗೋಡೆ. ಬೆಳಗ್ಗೆ ಸಂಜೆ ಒಂದೇ ಡೇರಿಯ ಮುಂದೆ ಕ್ಯಾನ್ ಹಿಡಿದು ಕ್ಯೂ ನಿಲ್ಲುತ್ತಾರೆ. ಒಬ್ಬರು ಬಂದರೆ ಇನ್ನೊಬ್ಬರು ಬೋರ್ಡಿನ ಮೇಲಿನ ಫ್ಯಾಟ್ ರೇಟನ್ನು ಮೊದಲ ಸಲ ನೋಡುವವರ ಹಾಗೆ ಓದುತ್ತಾ ನಿಲ್ಲುತ್ತಾರೆ.

ವಿಮಾನದಲ್ಲಿ ಕೂತಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಸ್ವಿಂಡನ್‌ನ ಪಕ್ಕದ ಮನೆಯ ಎರಡು ಕಿಟಕಿ.

ನಾನು ಇಲ್ಲಿಗೆ ಬಂದದ್ದು 2014ರಲ್ಲಿ, ಕೆಲಸದ ವೀಸಾದ ಮೇಲೆ. ಇಲ್ಲೂ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಬ್ರಿಟನ್ ಯುರೋಪ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅನ್ನುವ ಬ್ರೆಕ್ಸಿಟ್ ಓಟು ಹತ್ತಿರ ಬಂದಿತ್ತು. 2016ರ ಜೂನ್‌ನಲ್ಲಿ ಒಂದು ಸಂಜೆ ಕೆಲಸದಿಂದ ಬರುತ್ತೇನೆ, ಕೆಳಗಿನ ಕಿಟಕಿಯಲ್ಲಿ 'ಯುರೋಪ್ ಒಕ್ಕೂಟ ಬಿಡಿ' ಅನ್ನುವ ಪೋಸ್ಟರ್, ಮೇಲಿನ ಕಿಟಕಿಯಲ್ಲಿ 'ಒಳಗೇ ಇರಿ' ಅನ್ನುವ ಪೋಸ್ಟರ್! ಮನೆಯನ್ನು ಎರಡು ಪಾಲು ಮಾಡಿ ಮೇಲಿನದನ್ನು ಬಾಡಿಗೆಗೆ ಕೊಟ್ಟರೇನೋ ಅಂದುಕೊಂಡೆ. ಹಾಗೇನಿಲ್ಲ, ಕೆಳಗಿನದು ಅಜ್ಜನದು, ಮೇಲಿನದು ಅಜ್ಜಿಯದು. ಕೆಳಗಿನ ಕಿಟಕಿ ರಸ್ತೆಗೆ ಚೆನ್ನಾಗಿ ಕಾಣುತ್ತದೆ, ಅದು ನನಗೆ ಬೇಕಿತ್ತು, ಮೋಸ ಮಾಡಿ ಮೊದಲೇ ಅಂಟಿಸಿಬಿಟ್ಟ ಅನ್ನುವುದಷ್ಟೇ ಅಜ್ಜಿಯ ತಕರಾರು.

ಅಜ್ಜ ಸ್ವಿಂಡನ್‌ನ ರೈಲ್ವೆ ವರ್ಕ್‌ಶಾಪಿನಲ್ಲಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿದವರು. 1986ರಲ್ಲಿ ಅದು ಮುಚ್ಚಿತು. ಬ್ರಿಟನ್ ಆ ಒಕ್ಕೂಟಕ್ಕೆ ಸೇರಿದ್ದು 1973ರಲ್ಲಿ, ಎರಡು ವರ್ಷ ಬಿಟ್ಟು ಇರಬೇಕೋ ಬೇಡವೋ ಅಂತ ಜನರನ್ನು ಕೇಳಿದರು. ಆಗ ಇದೇ ಅಜ್ಜ ಇರಬೇಕು ಅಂತಲೇ ಓಟು ಹಾಕಿದ್ದರಂತೆ. "ವ್ಯಾಪಾರಕ್ಕೊಂದು ಸಂತೆ ಅಂತ ಕರೆದುಕೊಂಡು ಹೋದರು, ಆಮೇಲೆ ನೋಡಿದರೆ ನಮ್ಮ ಮನೆಯ ಕಾನೂನನ್ನೂ ಸಂತೆಯವರೇ ಬರೆಯುತ್ತಿದ್ದರು" ಅನ್ನುವುದು ಅವರ ಸಿಟ್ಟು. ಅಜ್ಜಿ ಉತ್ತರ ಐರ್ಲೆಂಡಿನ ನ್ಯೂರಿಯವರು, ಗಡಿಯ ಊರು. ಉತ್ತರ ಐರ್ಲೆಂಡ್ ಬ್ರಿಟನ್‌ಗೆ ಸೇರಿದ್ದು, ಗಡಿಯಾಚೆಯ ಐರ್ಲೆಂಡ್ ಬೇರೆ ದೇಶ. ಬಂದೂಕು ಹಿಡಿದ ಸೈನಿಕರು ಕಾರು ನಿಲ್ಲಿಸಿ ಡಿಕ್ಕಿ ತೆಗೆಸಿ ನೋಡುತ್ತಿದ್ದದ್ದು ಅವರಿಗೆ ನೆನಪಿದೆ. 1998ರ ಶಾಂತಿ ಒಪ್ಪಂದ ಆದಮೇಲೆ ಆ ಗಡಿ ಕಣ್ಣಿಗೇ ಕಾಣದ ಹಾಗಾಯಿತು. ಎರಡೂ ಕಡೆ ಒಂದೇ ಒಕ್ಕೂಟ, ಸಾಮಾನು ತಪಾಸಣೆ ಮಾಡುವ ಅಗತ್ಯವೇ ಇರಲಿಲ್ಲ. ಬ್ರಿಟನ್ ಹೊರಗೆ ಹೋದರೆ ಆ ಗೇಟು ಮತ್ತೆ ಬಂದರೆ ಏನು ಗತಿ ಅನ್ನುವುದು ಅವರ ಭಯ.

ಇನ್ನೊಂದು ತಮಾಷೆ. ಕಾಮನ್‌ವೆಲ್ತ್ ದೇಶದವನು ಅಂತ, ಬಂದು ಎರಡೇ ವರ್ಷ ಆಗಿದ್ದ ನನಗೂ ಓಟು ಇತ್ತು. ನನ್ನ ಪಕ್ಕದ ಸೀಟಿನ ಇಟಲಿಯ ಹುಡುಗಿ ಹನ್ನೆರಡು ವರ್ಷದಿಂದ ಇಲ್ಲಿದ್ದಳು, ಅವಳಿಗೆ ಇರಲಿಲ್ಲ. ಮನೆ ಯಾರಿಂದ ಪಾಲಾಗಬೇಕೋ ಅವರಿಗೆ ಮಾತಿಲ್ಲ, ಬಾಡಿಗೆಯವನಿಗೆ ಓಟು! ನಾನು ಯಾವುದಕ್ಕೆ ಹಾಕಿದೆ ಅಂತ ಅಜ್ಜ ಕೇಳಿದರು. ನಾನು ಮಂಡ್ಯದವನು, ಅಷ್ಟು ಸುಲಭವಾಗಿ ಬಾಯಿ ಬಿಡುತ್ತೇನಾ? ನಕ್ಕು ಸುಮ್ಮನಾದೆ. ಅವರಿಗೆ ಆಶ್ಚರ್ಯ. ಹೇಳಿದರೆ ಏನಾಗುತ್ತದೆ ಅಂತ ಅವರಿಗೆ ನಿಜವಾಗಲೂ ಗೊತ್ತಾಗಲಿಲ್ಲ.

ಜೂನ್ 23ಕ್ಕೆ ಓಟು ಆಯಿತು. ಶೇ 51.9 ಜನ ಬಿಡೋಣ ಅಂದರು, ಶೇ 48.1 ಜನ ಇರೋಣ ಅಂದರು. ಅಜ್ಜ ಗೆದ್ದರು, ಅಜ್ಜಿ ಸೋತರು. ಮಾರನೇ ದಿನ ಬೆಳಗ್ಗೆ ಹಿತ್ತಲಿನಲ್ಲಿ ಇಬ್ಬರೂ ಟೀ ಕುಡಿಯುತ್ತಾ ಕೂತಿದ್ದರು. ಅಜ್ಜಿಯ ಮುಖ ಇಷ್ಟು ದಪ್ಪ ಆಗಿತ್ತು ಅನ್ನುವುದು ನಿಜ, ಆದರೆ ಟೀ ಒಂದೇ ಪಾತ್ರೆಯದು.

ಆಮೇಲೆ ನಡೆದದ್ದು ಮೂರೂವರೆ ವರ್ಷದ ಜಗಳ. ಬಿಡುವುದು ಅಂತೇನೋ ಆಯಿತು, ಹೇಗೆ ಬಿಡುವುದು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. 2018ರ ನವೆಂಬರ್‌ನಲ್ಲಿ ಆಗಿನ ಪ್ರಧಾನಿ ತೆರೇಸಾ ಮೇ ಒಕ್ಕೂಟ ಬಿಡುವ ಒಪ್ಪಂದದ ಕರಡು ತಂದರು, 585 ಪುಟ. ಅದನ್ನು ಯಾರು ಬೇಕಾದರೂ ಓದಬಹುದಿತ್ತು. ಅಜ್ಜ ಲೈಬ್ರರಿಗೆ ಹೋಗಿ ಐರ್ಲೆಂಡ್ ಗಡಿಯ ಭಾಗವನ್ನು ಪ್ರಿಂಟ್ ತೆಗೆಸಿಕೊಂಡು ಬಂದರು. ಅಡುಗೆಮನೆ ಮೇಜಿನ ಮೇಲೆ ಅದನ್ನು ಹರಡಿಕೊಂಡು ಗಂಡ ಕೆಂಪು ಪೆನ್ನು, ಹೆಂಡತಿ ಹಸಿರು ಪೆನ್ನು. ಗಡಿಗೆ ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್, ಯುರೋಪ್ ಒಕ್ಕೂಟದ ಸುಂಕದ ನಿಯಮದೊಳಗೇ ಇರಬೇಕು ಅಂತ ಅದರಲ್ಲಿತ್ತು. ಅಜ್ಜನಿಗೆ ಅದು ಬಾಗಿಲು ದಾಟಿದ ಮೇಲೂ ಕಾಲಿಗೆ ಹಗ್ಗ ಕಟ್ಟಿದ ಹಾಗೆ. ಅಜ್ಜಿಗೆ ಆ ಹಗ್ಗವೇ ಸಮಾಧಾನ.

ನಮ್ಮ ಕಡೆ ಹೋಲಿಸಿ ನೋಡಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಚೀನಾ ಎಲ್ಲ ಇದ್ದ 16 ದೇಶಗಳ ಆರ್‌ಸಿಇಪಿ ಅನ್ನುವ ವ್ಯಾಪಾರ ಒಪ್ಪಂದಕ್ಕೆ ನಾವು ವರ್ಷಗಟ್ಟಲೆ ಮಾತಾಡಿದೆವು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಸುರಿದರೆ ಡೇರಿಗಳ ಗತಿಯೇನು ಅಂತ 2019ರಲ್ಲಿ ನಮ್ಮಲ್ಲಿ ರೈತರು ಬೀದಿಗೆ ಬಂದರು. ಒಪ್ಪಂದದಲ್ಲಿ ಏನಿದೆ ಅಂತ ಹಾಲು ಹಾಕುವವನಿಗೆ ಒಂದು ಪುಟವನ್ನೂ ಯಾರೂ ತೋರಿಸಿರಲಿಲ್ಲ. ಅಪ್ಪನೂ ದೊಡ್ಡಪ್ಪನೂ ಒಂದೇ ಪ್ರತಿಭಟನೆಗೆ ಹೋಗಿ, ಒಂದೇ ಘೋಷಣೆ ಕೂಗಿ, ಬೇರೆ ಬೇರೆ ಬಸ್ಸಲ್ಲಿ ವಾಪಸ್ ಬಂದರು. ಅಭಿಪ್ರಾಯ ಒಂದೇ ಆದರೂ ಮಾತಿಲ್ಲ!

2019ರ ಜನವರಿ 15ರ ರಾತ್ರಿ ಅಜ್ಜ ಅಜ್ಜಿಯ ಮನೆಯಲ್ಲೇ ಕೂತು ಟಿವಿ ನೋಡಿದೆ. ಸಂಸತ್ತಿನಲ್ಲಿ ಮೇ ಅವರ ಒಪ್ಪಂದಕ್ಕೆ ಪರ 202, ವಿರುದ್ಧ 432. ಅವರದೇ ಪಕ್ಷದ 118 ಜನ ವಿರುದ್ಧ ಹಾಕಿದ್ದರು. ಅಲ್ಲಿಗೆ ಮುಗಿಯಿತು, ಸರ್ಕಾರ ಬಿತ್ತು ಅಂದೆ. ಮಾರನೇ ದಿನವೇ ಅವಿಶ್ವಾಸ ಮಂಡನೆ ಬಂತು. ಹಿಂದಿನ ರಾತ್ರಿ ಮಣ್ಣುಮುಕ್ಕಿಸಿದ ಅದೇ 118 ಜನ ಸಾಲಾಗಿ ಬಂದು ಅದೇ ಮೇ ಅವರ ಪರ ಓಟು ಹಾಕಿದರು. 325ಕ್ಕೆ 306, ಸರ್ಕಾರ ಉಳಿಯಿತು. ನನಗೆ ತಲೆ ಕೆಟ್ಟುಹೋಯಿತು. ಅಜ್ಜನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ, ನಿನ್ನೆ ಕೇಳಿದ್ದು ಒಪ್ಪಂದ ಬೇಕಾ ಅಂತ, ಇವತ್ತು ಕೇಳಿದ್ದು ಸರ್ಕಾರ ಬೇಕಾ ಅಂತ, ಎರಡೂ ಬೇರೆ ಪ್ರಶ್ನೆ ಅಲ್ವಾ ಅಂದರು.

ಎರಡೂ ಬೇರೆ ಪ್ರಶ್ನೆ! ಇದನ್ನು ದೊಡ್ಡಪ್ಪನಿಗೆ ಯಾರು ಹೇಳುವುದು?

ಅದೇ ವರ್ಷ ಜುಲೈನಲ್ಲಿ ನಮ್ಮ ವಿಧಾನಸಭೆಯ ನಾಟಕ. ಎಂಎಲ್‌ಎಗಳು ರಾಜೀನಾಮೆ ಬಿಸಾಕಿ ಮುಂಬೈ ಹೋಟೆಲ್ ಸೇರಿಕೊಂಡರು. ನಮ್ಮ ಜಿಲ್ಲೆಯ ಕೆ.ಆರ್. ಪೇಟೆಯವರೂ ಆ ಗುಂಪಿನಲ್ಲಿದ್ದರು. ಡಿ.ಕೆ. ಶಿವಕುಮಾರ್ ಅಲ್ಲಿಗೇ ಹೋಗಿ ಹೋಟೆಲ್ ಹೊರಗೆ ನಿಂತರೂ ಒಳಗೆ ಬಿಡಲಿಲ್ಲ. ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಲ್ಲಿ ಬಿತ್ತು. ಇದಾಗಿ ಒಂದೂವರೆ ತಿಂಗಳಿಗೆ, ಸೆಪ್ಟೆಂಬರ್ 3ರಂದು, ಇಲ್ಲಿ ಮೇ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಸಂಸತ್ತಿನಲ್ಲಿ ಮಾತಾಡುತ್ತಿರುವಾಗಲೇ ಅವರ ಪಕ್ಷದ ಫಿಲಿಪ್ ಲೀ ಎದ್ದು, ಎಲ್ಲರ ಕಣ್ಣೆದುರು ನಡೆದುಕೊಂಡು ಹೋಗಿ ಎದುರು, ವಿರೋಧ ಪಕ್ಷದ ಸಾಲಿನಲ್ಲಿ ಕೂತರು. ಅಷ್ಟಕ್ಕೇ ಸರ್ಕಾರದ ಬಹುಮತ ಹೋಯಿತು. ವಿಮಾನ ಇಲ್ಲ, ರೆಸಾರ್ಟ್ ಇಲ್ಲ, ನಾಲ್ಕು ಹೆಜ್ಜೆ. ನಾನು ಆಫೀಸಿನಲ್ಲಿ ಮೊಬೈಲಿನಲ್ಲಿ ಅದನ್ನು ಮತ್ತೆ ಮತ್ತೆ ನೋಡಿದೆ. ಹೊಟ್ಟೆಕಿಚ್ಚಾಯಿತು.

ಇದನ್ನೆಲ್ಲ ಊರಿಂದ ಬಂದ ಸಿಟ್ಟಿನಲ್ಲಿ ಹೆಂಡತಿಗೆ ಹೇಳುತ್ತಿದ್ದೆ. ನಮಗೆ ಒಪ್ಪಿಗೆ ಇಲ್ಲ ಅಂದರೆ ಬಿಟ್ಟು ಹೋಗುವುದೊಂದೇ ಗೊತ್ತು, ಮಾತು ಬಿಡುತ್ತೇವೆ, ಪಕ್ಷ ಬಿಡುತ್ತೇವೆ, ಊಟ ಬಿಡುತ್ತೇವೆ, ಒಪ್ಪದೆಯೂ ಒಂದೇ ಮನೆಯಲ್ಲಿ ಇರುವುದನ್ನು ಇವರಿಂದ ಕಲಿಯಬೇಕು ಅಂದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. "ರೀ, ಇವರು ಅಷ್ಟು ದಿನ ಜಗಳ ಆಡಿದ್ದು ಯಾಕೆ?" ಅಂದಳು. "ಬ್ರೆಕ್ಸಿಟ್ ಬಗ್ಗೆ" ಅಂದೆ. "ಅಂದರೆ 27 ದೇಶದ ಜೊತೆ ಒಂದೇ ಮನೆಯಲ್ಲಿ ಇರೋಕಾಗಲ್ಲ ಅಂತ ತಾನೇ?"

ಉತ್ತರ ಹೊಳೆಯಲಿಲ್ಲ. ಕೊನೆಗೆ 2020ರ ಜನವರಿ 31ರ ರಾತ್ರಿ 11 ಗಂಟೆಗೆ ಹೊರಟೇಬಿಟ್ಟರಲ್ಲ, ನಮ್ಮ ದೊಡ್ಡಪ್ಪನ ಥರವೇ. ಅವರಾದರೂ ಮುಯ್ಯಿ ಕೊಟ್ಟು ಹೋದರು, ಇವರು ಒಕ್ಕೂಟಕ್ಕೆ ಬಾಕಿ ಎಷ್ಟು ಕೊಡಬೇಕು ಅಂತಲೇ ತಿಂಗಳುಗಟ್ಟಲೆ ಚೌಕಾಸಿ ಮಾಡಿದ್ದರು.

ಇನ್ನೂ ಒಂದೆರಡು ವಿಷಯ ಇದೆ, ಹೇಳದೆ ಬಿಡೋಣ ಅಂತಿದ್ದೆ. 2016ರ ಆ ಓಟಿಗೆ ಒಂದು ವಾರ ಮುಂಚೆ, ಒಳಗೇ ಇರೋಣ ಅನ್ನುತ್ತಿದ್ದ ಜೋ ಕಾಕ್ಸ್ ಅನ್ನುವ ಎಂಪಿಯನ್ನು ರಸ್ತೆಯಲ್ಲೇ ಕೊಂದರು. ಎರಡು ಮಕ್ಕಳ ತಾಯಿ. ಟೀ ಕುಡಿಯುತ್ತಾ ಜಗಳವಾಡುವ ದೇಶ ಅಂತ ನಾನು ಹೊಗಳುವಾಗ ಅವರ ಹೆಸರು ನೆನಪಿಗೆ ಬಂದರೂ ಮಾತು ತಿರುಗಿಸಿಬಿಡುತ್ತೇನೆ. ಸೆಪ್ಟೆಂಬರ್ 3ರ ಅದೇ ರಾತ್ರಿ, ವಿರುದ್ಧ ಓಟು ಹಾಕಿದ ತನ್ನದೇ 21 ಎಂಪಿಗಳನ್ನು ಜಾನ್ಸನ್ ಪಕ್ಷದ ಗುಂಪಿನಿಂದ ಹೊರಗೆ ಹಾಕಿದರು. ಚರ್ಚಿಲ್ ಮೊಮ್ಮಗನೂ ಅವರಲ್ಲಿ ಒಬ್ಬರು. ಸೀಟೇನೂ ಹೋಗಲಿಲ್ಲ, ಅದು ನಿಜ. ನಮ್ಮಲ್ಲಿ 1985ರಿಂದ ಪಕ್ಷಾಂತರ ಕಾಯ್ದೆ ಇದೆ, ವಿಪ್, ಅಂದರೆ ಪಕ್ಷದ ಆದೇಶ, ಮೀರಿದರೆ ಸೀಟಿಗೇ ಕುತ್ತು. ಒಪ್ಪಂದ ಬೇಡ, ಸರ್ಕಾರ ಇರಲಿ ಅಂತ ನಮ್ಮ ಎಂಎಲ್‌ಎ ಹೇಳಬೇಕು ಅಂದರೂ ದಾರಿ ಎಲ್ಲಿದೆ? ರೆಸಾರ್ಟಿಗೆ ಅದೊಂದೇ ಕಾರಣ ಅಂತ ನಾನೇನೂ ಹೇಳುತ್ತಿಲ್ಲ.

ಹೋದ ವಾರ ಅಜ್ಜಿಗೆ ಗೃಹಪ್ರವೇಶದ ಫೋಟೋ ತೋರಿಸುತ್ತಾ ದೊಡ್ಡಪ್ಪನ ಕಥೆ ಹೇಳಿದೆ. ಅಜ್ಜ ಆಚೆ ಹುಲ್ಲು ಕತ್ತರಿಸುತ್ತಿದ್ದರು. ಅಜ್ಜಿ ದನಿ ತಗ್ಗಿಸಿ, ನಮ್ಮ ಮಗಳೂ ಎರಡು ಕ್ರಿಸ್‌ಮಸ್‌ಗೆ ಮನೆಗೆ ಬರಲಿಲ್ಲ ಅಂದರು. ಅವಳ ಗಂಡ ಸ್ಪೇನಿನವನಂತೆ. ಅಪ್ಪ ಹಾಕಿದ ಓಟು ಅವಳಿಗೆ ತನ್ನ ಗಂಡನಿಗೆ ಹೊಡೆದ ಹಾಗಿತ್ತಂತೆ. ಹತ್ತು ವರ್ಷ ಗೋಡೆಗೆ ಗೋಡೆ ಅಂಟಿಕೊಂಡಿದ್ದರೂ ನನಗೆ ಇದು ಗೊತ್ತೇ ಇರಲಿಲ್ಲ. ನಾನು ನೋಡಿದ್ದು ಕಿಟಕಿ ಮಾತ್ರ.

ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ದೊಡ್ಡಪ್ಪನ ಮಾತು ಬಂತು. "ಮುಂಜಾನೆ ಒಲೆ ಮ್ಯಾಲೆ ಉಕ್ಕಿಸಿದ್ವಲ್ಲ ಹಾಲು, ಅದು ಅವರ ಮನೇದೇ ಕಣಪ್ಪ" ಅಂದಳು ಅವ್ವ. "ನಮ್ಮ ಹಸ ಗಬ್ಬ ಅಲ್ವಾ, ಹಾಲು ಬತ್ತೋಗಿತ್ತು. ನಾಕು ಗಂಟೆಗೇ ನಿಮ್ಮ ದೊಡ್ಡವ್ವನ ಕೈಲಿ ಚೊಂಬಲ್ಲಿ ಕೊಟ್ಟು ಕಳ್ಸಿದ್ರು. ನಿಮ್ಮಪ್ಪನಿಗೆ ಹೇಳ್ಬೇಡ, ಡೇರಿಯಿಂದ ತಂದೆ ಅಂದಿದೀನಿ."