ಲಿಲ್‌ನಿಂದ ಲಂಡನ್: ಷೆಂಗೆನ್ ವೀಸಾ ಸಾಲದು

‘ಫ್ರಾನ್ಸಿನ ಲಿಲ್ ನಗರದಲ್ಲಿದ್ದರೆ ಷೆಂಗೆನ್ ವೀಸಾದಲ್ಲೇ ಲಂಡನ್ ನೋಡಿ ಬರಬಹುದು’ ಎಂಬ ಸಂದೇಶ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಇದು ತಪ್ಪು. ಯೂರೋಸ್ಟಾರ್ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ಲಂಡನ್ ಮುಟ್ಟಿಸುತ್ತದೆ, ನಿಜ. ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್ ಒಕ್ಕೂಟದಲ್ಲಿ ಬ್ರಿಟನ್ ಇಲ್ಲ, ಎಂದೂ ಇರಲಿಲ್ಲ. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಪ್ರತ್ಯೇಕ ಬ್ರಿಟಿಷ್ ವೀಸಾ ಬೇಕು. ತಪಾಸಣೆ ಲಂಡನ್ನಿನಲ್ಲಿ ನಡೆಯುವುದಲ್ಲ. ‘ಲಿಲ್ ಯೂರೋಪ್’ ನಿಲ್ದಾಣದಲ್ಲೇ, ರೈಲು ಹತ್ತುವ ಮೊದಲೇ, ಫ್ರೆಂಚ್ ಅಧಿಕಾರಿಯ ಬಳಿಕ ಬ್ರಿಟಿಷ್ ಅಧಿಕಾರಿಯೂ ಪಾಸ್‌ಪೋರ್ಟ್ ತಿರುವಿ ನೋಡುತ್ತಾರೆ. ವೀಸಾ ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ಅಲ್ಲಿಂದಲೇ ವಾಪಸು. ಸಂದೇಶ ಬರೆದವರು ಬಹುಶಃ ಬ್ರಸೆಲ್ಸ್ ಜೊತೆ ಗೊಂದಲ ಮಾಡಿಕೊಂಡಿರಬೇಕು: ಬೆಲ್ಜಿಯಂ ಷೆಂಗೆನ್‌ನೊಳಗೇ ಇದೆ, ಅಲ್ಲಿಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.